ಖಂಡೇನವಮಿಗೆ ಬಿಚ್ಚಿಟ್ಟ ಗಾಡಿ

ಔರಂಗಾಬಾದಿನ ಆ ಬಾಡಿಗೆ ಮನೆಯಲ್ಲಿ ರಂಗೋಲಿಗೆ ಜಾಗವಿರಲಿಲ್ಲ. ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂಬ ಹೆಸರು. ಅಂಗಳವೇನೋ ದೊಡ್ಡದೇ ಇತ್ತು, ಶಹಾಬಾದಿನ ಕಲ್ಲು ಹಾಸಿದ್ದರು. ನಮ್ಮ ಕಲಬುರಗಿ ಕಡೆಯ ಕಲ್ಲು ಇಲ್ಲಿಯವರೆಗೂ ಬಂದಿದೆ ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ. ಆದರೆ ಆ ಕಲ್ಲಿನ ಮೇಲೆಲ್ಲ ಗಾಡಿ ನಿಂತಿರುತ್ತಿತ್ತು, ಇಲ್ಲವೇ ಗಾಡಿಯೊಳಗಿನ ಸಾಮಾನು ಹರಡಿರುತ್ತಿತ್ತು. ಹೀಗಾಗಿ ಅವ್ವ ಗೇಟಿನ ಹೊರಗೆ ಒಂದು ಗೇಣು ಜಾಗದಲ್ಲಿ ನಾಲ್ಕು ಎಳೆ ಎಳೆದು ಕೈ ತೊಳೆದುಕೊಳ್ಳುತ್ತಿದ್ದಳು. ಮನೆಯೊಳಗೆ ಮೂರು ಕೋಣೆ. ಮುಂದಿನದರಲ್ಲಿ ಅಪ್ಪನ ಕುರ್ಚಿ, ನಡುವಿನದರಲ್ಲಿ ನಮ್ಮ ಹಾಸಿಗೆ, ಹಿಂದಿನದು ಅಡಿಗೆಮನೆ ಮತ್ತು ಅದರ ಮೂಲೆಯಲ್ಲಿ ದೇವರು. ಅಪ್ಪ ಬ್ಯಾಂಕಿನ ಅಧಿಕಾರಿ, ವರ್ಗಾವಣೆಯ ಮೇಲೆ ಬಂದವನು. ಮೂರು ವರ್ಷಕ್ಕೊಮ್ಮೆ ಊರು ಬದಲಾಗುವ ನಮ್ಮ ಮನೆಯಲ್ಲಿ ಬದಲಾಗದೆ ಉಳಿದದ್ದು ಎರಡೇ, ಅವ್ವನ ರೊಟ್ಟಿ ತಟ್ಟುವ ಕಲ್ಲು ಮತ್ತು ಆ ಗಾಡಿ.

ಗಾಡಿ ಎಂದರೆ ಒಂದು ಹಳೆ ಕಾರು, ನನಗಿಂತ ಹಿರಿಯದು. ನಿವೃತ್ತರಾಗಿ ಊರಿಗೆ ಹೊರಟ ಹಿರಿಯರೊಬ್ಬರಿಂದ ಅಪ್ಪ ಕೊಂಡದ್ದು. ಬೂದಿ ಬಣ್ಣ, ಎಡಗಡೆಯ ಹಿಂದಿನ ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತಿತ್ತು. ಅದನ್ನು ಗ್ಯಾರೇಜಿಗೆ ಒಯ್ಯುವುದೆಂದರೆ ಅಪ್ಪನಿಗೆ ಮಾನ ಹೋದಂತೆ. ಭಾನುವಾರ ಬೆಳಿಗ್ಗೆ ಸ್ನಾನವಾದ ಮೇಲೆ ಹಳೆ ಬನಿಯನ್ ತೊಟ್ಟು, ಅಂಗಳದಲ್ಲಿ ಹಳೆ ಪೇಪರು ಹಾಸಿ, ಬಿಚ್ಚಿದ ಒಂದೊಂದು ಸಾಮಾನನ್ನೂ ಎಡದಿಂದ ಬಲಕ್ಕೆ ಸಾಲಾಗಿ ಇಡುತ್ತಿದ್ದ. ಜೋಡಿಸುವಾಗ ಬಲದಿಂದ ಎಡಕ್ಕೆ ಬರಬೇಕು, ಅಷ್ಟೇ ವಿದ್ಯೆ ಎನ್ನುತ್ತಿದ್ದ. ಆದರೆ ಜೋಡಿಸಿ ಮುಗಿದ ಮೇಲೂ ಪೇಪರಿನ ಮೇಲೆ ಒಂದೆರಡು ಸ್ಕ್ರೂ, ಒಂದು ವಾಷರು ಉಳಿದೇ ಉಳಿಯುತ್ತಿದ್ದವು. ಅವಕ್ಕೆಂದೇ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅವ್ವ ಬಾಗಿಲಲ್ಲಿ ನಿಂತು ಡಬ್ಬಿಯ ಸದ್ದಿಗೇ ಕೇಳುತ್ತಿದ್ದಳು:

"ಇವತ್ತ ಎಷ್ಟು ಉಳಿದ್ವುರಿ?"

"ಜಾಸ್ತಿ ಹಾಕಿರ್ತಾರ. ಬೇಕಾಗಿದ್ದಿಲ್ಲ ಅವು."

ಅಪ್ಪ ಇದನ್ನು ನಗೆಗೆ ಹೇಳುತ್ತಿರಲಿಲ್ಲ, ನಂಬಿಯೇ ಹೇಳುತ್ತಿದ್ದ. ತಾನು ಒಮ್ಮೆ ಮಾಡಿ ಮುಗಿಸಿದ್ದನ್ನು ಮತ್ತೆ ತೆರೆದು ನೋಡುವುದು ಅವನ ಜಾಯಮಾನದಲ್ಲಿಯೇ ಇರಲಿಲ್ಲ. ಬ್ಯಾಂಕಿನಲ್ಲಿ ಸಹಿ ಹಾಕಿದ ಕಾಗದ ಹೇಗೋ, ಅಂಗಳದಲ್ಲಿ ಬಿಗಿದ ಸ್ಕ್ರೂ ಹಾಗೆ. ಆ ಸ್ವಭಾವ ನನಗೂ ಬಂದಿದೆ. ಅದಕ್ಕೆ ಇಷ್ಟು ವರ್ಷ ಈ ಸಂಗತಿಯನ್ನು ಬರೆಯದೆ ಮುಚ್ಚಿಟ್ಟಿದ್ದೆ.

ಅವ್ವನದು ಬೇರೆಯೇ ಹಟ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮದುವೆಯಾಗಿ ಬಂದವಳು, ಊರಿಂದೂರಿಗೆ ಗಂಟು ಕಟ್ಟುವುದರಲ್ಲಿ ಹತ್ತು ವರ್ಷ ಕಳೆದಿದ್ದಳು. ಆ ವರ್ಷ ಅಪ್ಪನಿಗೆ ನಾಸಿಕಕ್ಕೆ ವರ್ಗಾವಣೆ ಆಗುವುದು ಖಚಿತವಾಗಿತ್ತು. ನಾಸಿಕದ ಒಂದು ಶಾಲೆಯಲ್ಲಿ ಬರುವ ಜೂನಿನಿಂದ ಗಣಿತದ ಶಿಕ್ಷಕಿ ಬೇಕೆಂಬ ಜಾಹೀರಾತು ಅಪ್ಪ ಹಾಸುವ ಪೇಪರಿನಲ್ಲಿಯೇ ಅವಳ ಕಣ್ಣಿಗೆ ಬಿತ್ತು. ಅದರ ಮೇಲಿದ್ದ ಗ್ರೀಸು ಮೆತ್ತಿದ ಸ್ಪ್ಯಾನರ್ ಸರಿಸಿ, ಅಷ್ಟು ಭಾಗವನ್ನು ಕತ್ತರಿಸಿ ಒಳಗೆ ಒಯ್ದಳು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿಯನ್ನು ದಾಟುತ್ತಿತ್ತು. ಅಂದರೆ ಇದೊಂದೇ ಅವಕಾಶ. ಅರ್ಜಿ ಹಾಕಿದ ದಿನದಿಂದ ನಮ್ಮ ಅಡಿಗೆಮನೆ ಶಾಲೆಯಾಯಿತು. ರೊಟ್ಟಿ ತಟ್ಟುತ್ತ ತಟ್ಟುತ್ತ ಅವಳು ಪಾಠ ಒಪ್ಪಿಸುತ್ತಿದ್ದಳು, ನಾನು ಹಿಟ್ಟಿನ ಡಬ್ಬಿಯ ಮೇಲೆ ಕುಳಿತು ಪರೀಕ್ಷಕಿಯಾಗುತ್ತಿದ್ದೆ. ಬಿಸಿ ರೊಟ್ಟಿಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮುರಿದು ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಎಂಟನೆಯ ಒಂದು ಭಾಗ ಎಷ್ಟು ಸಣ್ಣದು ಎಂದು ನನಗೆ ತಿಳಿದದ್ದು ಹಸಿವಿನಿಂದ. ಅವಳಿಗೆ ಮರಾಠಿ ತಡವರಿಸುತ್ತಿತ್ತು, ನನಗೆ ಕನ್ನಡ ತಡವರಿಸುತ್ತಿತ್ತು. ಒಬ್ಬರನ್ನೊಬ್ಬರು ತಿದ್ದುತ್ತ ನಗುತ್ತಿದ್ದೆವು. ನನಗೆ ಆಗ ಒಂಬತ್ತು ವರ್ಷ. ಅವ್ವ ಅಷ್ಟು ನಗುವುದನ್ನು ಅದಕ್ಕೆ ಮೊದಲು ನಾನು ನೋಡಿರಲಿಲ್ಲ.

ಖಂಡೇನವಮಿಯ ಹಿಂದಿನ ದಿನ ಅಪ್ಪ ಗಾಡಿಯ ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಡಬ್ಬಿ ಅದು. ಅದರಲ್ಲಿ ಪೆಟ್ರೋಲು ನಿಲ್ಲಲು ಒಂದು ಸಣ್ಣ ಬಟ್ಟಲು, ಬಟ್ಟಲಿನ ತಳದಲ್ಲಿ ಸೂಜಿಗಾತ್ರದ ತೂತು. ಆ ತೂತಿನ ಮೂಲಕವೇ ಎಂಜಿನ್ನು ಪೆಟ್ರೋಲು ಹೀರಿಕೊಳ್ಳಬೇಕು. ನಾಸಿಕಕ್ಕೆ ಹೋಗಿಬರುವುದಿದೆ, ಗಾಡಿ ಸ್ವಚ್ಛವಿರಲಿ ಎಂದು ಅಪ್ಪ ಬಟ್ಟಲನ್ನು ತಿಕ್ಕಿ, ತೂತಿಗೆ ಊದಿ, ಕನ್ನಡಿಯ ಹಾಗೆ ಹೊಳೆಯಿಸಿ ಎಂಜಿನ್ನಿನ ಮೇಲೆ ಮತ್ತೆ ಕೂರಿಸಿದ. ಮುಚ್ಚಳ ಹಾಕುವುದೊಂದು ಬಾಕಿ ಇತ್ತು. ಅಷ್ಟರಲ್ಲಿ ಸಂಜೆಯಾಯಿತು. ಅವ್ವ ಹಿತ್ತಾಳೆಯ ತಟ್ಟೆ ಹಿಡಿದು ಅಂಗಳಕ್ಕೆ ಬಂದಳು.

"ಪಾನಾ, ಸ್ಕ್ರೂಡ್ರೈವರ್ ಎಲ್ಲಾ ಕೊಡ್ರಿ ಇತ್ತ. ತೊಳದು ಪೂಜಿಗಿ ಇಡ್ತೀನಿ."

"ಏ, ಇನ್ನೊಂದು ಅರ್ಧಾ ತಾಸು ತಡಿ. ಮುಚ್ಚಳಾ ಬಿಗಿದು ಕೊಡ್ತೀನಿ."

"ದೀಪ ಹಚ್ಚೂ ಹೊತ್ತಾಗ್ಯಾದ. ನಿಮ್ಮ ಅರ್ಧಾ ತಾಸು ನನಗ ಗೊತ್ತದ."

ನಮ್ಮಲ್ಲಿ ಆಯುಧಗಳನ್ನು ಪೂಜೆಗೆ ಇಟ್ಟರೆ ಮುಗಿಯಿತು, ದಶಮಿಯ ದಿನ ಬನ್ನಿ ಹಂಚುವವರೆಗೆ ಯಾರೂ ಮುಟ್ಟುವಂತಿಲ್ಲ. ಅಡಿಗೆಮನೆಯ ಈಳಿಗೆ, ಅಪ್ಪನ ಪೆನ್ನು, ನನ್ನ ಕಂಪಾಸ್ ಪೆಟ್ಟಿಗೆ ಎಲ್ಲವೂ ದೇವರ ಮುಂದೆ ಸಾಲಾಗಿ ಕುಳಿತವು. ಅವುಗಳ ಜೊತೆ ಸ್ಪ್ಯಾನರ್‌ಗಳೂ ವಿಭೂತಿ ಬಳಿದುಕೊಂಡು ಕುಳಿತವು. ಗಾಡಿಯ ಕೆಲಸವೂ ಬಂದ್. ಅಪ್ಪ ತೆರೆದ ಕಾರ್ಬುರೇಟರಿನ ಮೇಲೆ ತನ್ನ ಹಳೆ ಬನಿಯನ್ ಹೊದಿಸಿ, ಬಾನೆಟ್ ಎತ್ತಿಯೇ ಇಟ್ಟು ಕೈ ತೊಳೆದುಕೊಂಡ. ಪೂಜೆಗೆ ಎಂಜಿನ್ನು ಕಾಣಬೇಕಲ್ಲ.

ಮರುದಿನ ಅವ್ವ ಗಾಡಿಗೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟಳು. ಅಕ್ಕಿಯ ಅಕ್ಷತೆಯನ್ನು ಬಾನೆಟ್ಟಿನ ತುದಿಗೆ ಹಾಕಿ ಕೈಮುಗಿದಳು. ಅವಳು ಕರ್ಪೂರ ತರಲು ಒಳಗೆ ಹೋಗುವುದನ್ನೇ ನಾನು ಕಾಯುತ್ತಿದ್ದೆ. ಆ ಬೇಸಿಗೆಯಲ್ಲಿ ಊರಿನಲ್ಲಿ ಸೋದರಮಾವನ ಮದುವೆ ಆಗಿತ್ತು. ಅಲ್ಲಿ ವಧೂವರರ ತಲೆಯ ಮೇಲೆ ಎಲ್ಲರೂ ಹಾಕಿದ್ದು ಅರಿಶಿಣ ಹಚ್ಚಿದ ಜೋಳ. ಅದು ಹಾಕಿದ ಮೇಲೆಯೇ ಮದುವೆ ಗಟ್ಟಿಯಾಯಿತು ಎಂದು ಹೆಂಗಸರು ಹೇಳಿದ್ದು ನೆನಪಿತ್ತು. ಗಾಡಿಗೂ ಗಟ್ಟಿಯಾದದ್ದು ಬೇಡವೇ? ನಾನು ಬೆಳಿಗ್ಗೆಯೇ ಡಬ್ಬಿಯಿಂದ ಒಂದು ಚಿಟಿಕೆ ಜೋಳ ತೆಗೆದು, ಅರಿಶಿಣದಲ್ಲಿ ಹೊರಳಿಸಿ ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದೆ. ಬನಿಯನ್ ಮೇಲೆ ಹಾಕಿದರೆ ಅದು ಬನಿಯನ್ನಿಗೆ ಪೂಜೆ ಮಾಡಿದಂತೆ, ಗಾಡಿಗಲ್ಲ. ಅದಕ್ಕೆ ಅದರ ಅಂಚು ಎತ್ತಿ, ಒಳಗೆ ಹೊಳೆಯುತ್ತಿದ್ದ ಬಟ್ಟಲು ನೋಡಿ, ಅದರೊಳಗೆ ಕಾಳು ಉದುರಿಸಿದೆ. ಹೆಚ್ಚಿನವು ಆಚೀಚೆ ಸಿಡಿದು ಎಂಜಿನ್ನಿನ ಸಂದಿಗಳಲ್ಲಿ ಜಾರಿಹೋದವು. ಕಣ್ಣು ಮುಚ್ಚಿ, ನಾಸಿಕಕ್ಕೆ ಹೋಗುವಾಗ ಎಲ್ಲಿಯೂ ನಿಲ್ಲಬೇಡ ಎಂದು ಕೇಳಿಕೊಂಡೆ. ಬನಿಯನ್ ಸರಿಮಾಡಿದೆ. ಅವ್ವ ಕರ್ಪೂರದ ಜೊತೆ ಬಂದು ನನ್ನ ಕೈ ನೋಡಿದಳು.

"ಕೈಗಿ ಯಾಕ ಅರಿಶಿಣ?"

"ಹಂಗೇ."

ದಶಮಿಯ ಸಂಜೆ ಬನ್ನಿ ಕೊಡಲು ಬಂದವರ ನಡುವೆಯೇ ಅಪ್ಪ ಎದ್ದು ಹೋಗಿ, ಬನಿಯನ್ ತೆಗೆದು, ಮುಚ್ಚಳ ಹಾಕಿ ಬಿಗಿದ. ಒಳಗೆ ನೋಡಲಿಲ್ಲ. ತಾನೇ ತಿಕ್ಕಿಟ್ಟ ಬಟ್ಟಲನ್ನು ಯಾಕೆ ನೋಡಬೇಕು?

ಹದಿನೈದು ದಿನಕ್ಕೆ ಅವ್ವನಿಗೆ ಸಂದರ್ಶನದ ಪತ್ರ ಬಂತು. ಅದೇ ವಾರ ಗಾಡಿ ಮೊದಲ ಸಲ ನಿಂತಿತು. ಕನ್ನಡ ಎಂಬ ತಾಲ್ಲೂಕು ಊರಿಗೆ ಹೊರಟಿದ್ದೆವು. ಹೆಸರು ಕಂಡು ಅಪ್ಪನಿಗೆ ಅದರ ಮೇಲೆ ಪ್ರೀತಿ, ಹೋಗಿ ನೋಡಿದರೆ ಅಲ್ಲಿ ಕನ್ನಡ ಆಡುವವರು ನಾವು ಮೂವರೇ. ಊರು ದಾಟಿ ರಸ್ತೆ ಬಿಡುವಾಗಿ, ಅಪ್ಪ ವೇಗ ಹೆಚ್ಚಿಸಿದ ಸ್ವಲ್ಪ ಹೊತ್ತಿಗೆ ಗಾಡಿ ಎರಡು ಸಲ ಬಿಕ್ಕಿ ಸುಮ್ಮನಾಯಿತು. ಅಪ್ಪ ಇಳಿದ, ಬಾನೆಟ್ ಎತ್ತಿದ, ಅದನ್ನು ಇದನ್ನು ಮುಟ್ಟಿದ, ಹತ್ತು ನಿಮಿಷ ಕಳೆದು ಚಾಲೂ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಟಿತು. ಮತ್ತೆ ವೇಗ ಹೆಚ್ಚಾದಾಗ ಮತ್ತೆ ನಿಂತಿತು. ವಿಚಿತ್ರವೆಂದರೆ ಊರೊಳಗೆ ಅದಕ್ಕೆ ಯಾವ ರೋಗವೂ ಇರಲಿಲ್ಲ. ಬ್ಯಾಂಕಿಗೆ, ಪೇಟೆಗೆ, ನನ್ನ ಶಾಲೆಗೆ ಸರಿಯಾಗಿ ಹೋಗುತ್ತಿತ್ತು.

ಮುಂದಿನ ಮೂರು ವಾರ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಅಪ್ಪ ಬೆಳಿಗ್ಗೆ ಬ್ಯಾಂಕಿಗೆ ಹೋಗುವ ಮುಂಚೆ ಒಂದು ತಾಸು, ಸಂಜೆ ಬಂದ ಮೇಲೆ ಕತ್ತಲಾಗುವವರೆಗೆ ಬಾನೆಟ್ಟಿನೊಳಗೆ ತಲೆ ಇಟ್ಟಿರುತ್ತಿದ್ದ. ಪ್ಲಗ್ಗುಗಳನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿದ. ಗಾಡಿ ನಿಂತಿತು. ಕಿಡಿ ಸರಿಯಾಗಿ ಬರುತ್ತಿಲ್ಲವೆಂದು ಪಾಯಿಂಟಿನ ಸಂದಿಯನ್ನು ಪೋಸ್ಟ್ ಕಾರ್ಡ್ ತೂರಿಸಿ ಅಳೆದು ಹೊಂದಿಸಿದ. ಅದಾದ ಮೇಲೆ ಗಾಡಿ ನಿಲ್ಲುವುದಷ್ಟೇ ಅಲ್ಲ, ನಿಲ್ಲುವ ಮುಂಚೆ ಪಟಾಕಿಯ ಹಾಗೆ ಢಂ ಎನ್ನತೊಡಗಿತು, ಓಣಿಯ ನಾಯಿಗಳೆಲ್ಲ ಓಡಿದವು. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಆಡುತ್ತಿಲ್ಲವೆಂದು ಅದನ್ನು ಸಡಿಲು ಮಾಡಿದ, ಹಿಂದಿನ ಸೀಟಿನಲ್ಲಿ ಕುಳಿತ ನನಗೆ ಪೆಟ್ರೋಲ್ ವಾಸನೆಗೆ ವಾಂತಿಯಾಯಿತು. ಒಂದು ರೋಗ ವಾಸಿ ಮಾಡಲು ಹೋಗಿ ಎರಡು ರೋಗ ತರುತ್ತಿದ್ದ, ಬಿಸ್ಕತ್ತಿನ ಡಬ್ಬಿ ತುಂಬುತ್ತಿತ್ತು. ಊಟಕ್ಕೆ ಕುಳಿತರೂ ಅವನ ಕಣ್ಣು ಎಲ್ಲೋ. ಸೀಮೆಎಣ್ಣೆ ನಾರುವ ಬೆರಳಿನಲ್ಲಿ ರೊಟ್ಟಿ ಮುರಿದು, ಪಲ್ಯಕ್ಕೆ ಅದ್ದದೆಯೇ ಬಾಯಿಗಿಡುತ್ತಿದ್ದ. ಪಕ್ಕದ ಮನೆಯ ಕಾಕಾ, ರಾಜ್ಯ ಸಾರಿಗೆಯ ಡಿಪೋದಲ್ಲಿ ಕೆಲಸ ಮಾಡಿದ ಮರಾಠಿ ಮನುಷ್ಯರು, ಒಂದು ದಿನ ಗೋಡೆಯ ಆಚೆಯಿಂದ ಹಿಂದಿಯಲ್ಲಿ ಕೇಳಿದರು, ಕಾರ್ಬುರೇಟರ್ ತೆರೆದು ನೋಡಿದಿರಾ ಎಂದು. ಅಪ್ಪನ ಮುಖ ಗಂಟಾಯಿತು. ಒಳಗೆ ಬಂದು ಅವ್ವನ ಎದುರು ಸಿಡುಕಿದ:

"ಅದು ನಾನೇ ಕೈಯಾರೆ ಸ್ವಚ್ಛ ಮಾಡೀನಿ. ಅದೊಂದು ಬಿಟ್ಟು ಬ್ಯಾರೆ ಏನರೆ ಹೇಳ್ರಿ ಅನ್ನು ಅವರಿಗಿ."

ನಾನು ಅಲ್ಲಿಯೇ ಕುಳಿತಿದ್ದೆ. ನನಗೆ ಏನೂ ಹೊಳೆಯಲಿಲ್ಲ. ಸುಳ್ಳಲ್ಲ, ನಿಜವಾಗಿಯೂ ಹೊಳೆಯಲಿಲ್ಲ. ಪೂಜೆ ಮಾಡಿದ್ದರಿಂದ ಕೆಟ್ಟದ್ದಾಗುತ್ತದೆ ಎಂದು ಒಂಬತ್ತು ವರ್ಷದ ತಲೆಗೆ ಹೇಗೆ ಹೊಳೆಯಬೇಕು? ನಾನು ಎಣಿಸಿದ್ದು ನನ್ನ ಕಾಳು ಸಾಲಲಿಲ್ಲ ಎಂದು. ಇನ್ನಷ್ಟು ಹಾಕಬೇಕಿತ್ತು ಎಂದುಕೊಳ್ಳುತ್ತಿದ್ದೆ.

ಸಂದರ್ಶನಕ್ಕೆ ಮೂರು ದಿನ ಉಳಿದಾಗ ಅಪ್ಪ ಗಂಗಾಪುರದ ಕಡೆ ರಸ್ತೆ ಕವಲೊಡೆಯುವ ಫಾಟಾದವರೆಗೆ ಗಾಡಿ ಓಡಿಸಿ ಪರೀಕ್ಷೆ ಮಾಡಿದ. ನಡುವೆ ನಿಂತಿತು. ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಎಂಜಿನ್ನಿನ ಪಂಪು ಕಾದು ಹೀಗಾಗುತ್ತದೆಂದು ಯಾರೋ ಹೇಳಿದ್ದು ಅವನ ತಲೆಯಲ್ಲಿತ್ತು. ಅವ್ವನ ಹಳೆ ಸೀರೆಯ ತುಂಡು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿ, ಸ್ವಲ್ಪ ಹೊತ್ತು ಕಾದು, ಚಾಲೂ ಮಾಡಿದ. ಗಾಡಿ ಹೊರಟಿತು. ಸಂಜೆ ಮನೆಗೆ ಬಂದವನ ಮುಖ ಅರಳಿತ್ತು. "ಸಿಕ್ತು, ರೋಗ ಸಿಕ್ತು" ಎಂದು ನನ್ನನ್ನು ಎತ್ತಿ ತಿರುಗಿಸಿದ. ಗಾಡಿ ಹೊರಟದ್ದು ಒದ್ದೆ ಬಟ್ಟೆಯಿಂದಲ್ಲ, ಬಟ್ಟೆ ಸುತ್ತಿ ಕಾದ ಹತ್ತು ನಿಮಿಷದಿಂದ. ಅಷ್ಟು ಹೊತ್ತು ಬಿಟ್ಟರೆ ಅದು ಬಟ್ಟೆ ಇಲ್ಲದೆಯೂ ಹೊರಡುತ್ತಿತ್ತು. ಇದು ಈಗ ತಿಳಿಯುತ್ತದೆ. ಅಂದು ಅಷ್ಟು ದಿನ ಸೋತ ಮನುಷ್ಯನಿಗೆ ಗೆದ್ದೆನೆಂಬ ನಂಬಿಕೆ ಬೇಕಾಗಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವ್ವ ಸೀರೆಗೆ ಇಸ್ತ್ರಿ ಮಾಡುತ್ತ ಮೆತ್ತಗೆ ತೆಗೆದಳು ಮಾತು.

"ನಾ ಬಸ್ಸಿಗಿ ಹೋಗ್ತೀನ್ರಿ. ನಸುಕಿನ್ಯಾಗ ಐದು ಗಂಟೆಕ್ಕ ಒಂದು ಅದ. ಸೀದಾ ನಾಸಿಕಕ್ಕ."

"ಗಾಡಿ ರೆಡಿ ಆಗ್ಯಾದಲ್ಲ."

"ಆಗ್ಯಾದ, ನಾ ಇಲ್ಲ ಅನ್ನಲ್ಲ."

"ಬಸ್ಸಿನ್ಯಾಗ ನಿಂತು ಹೋದ್ರ ಸೀರಿ ಮುದ್ದಿ ಆಗ್ತದ. ಹೋಗಿ ಹ್ಯಾಂಗ ಕೂಡ್ತಿ ಅವರ ಮುಂದ?"

"ಸೀರಿ ಮುದ್ದಿ ಆದ್ರ ಆಗ್ಲಿ. ನಾ ಮುಟ್ಟಬೇಕು."

ಅಪ್ಪ ಹೊರಗೆ ಹೋಗಿ ಗಾಡಿಯ ಗಾಜು ಒರೆಸಲು ನಿಂತ. ಅದಾಗಲೇ ಒರೆಸಿದ್ದ ಗಾಜು. ಮೂರು ವಾರ ಅವನು ಮೈ ಮುರಿದು ದುಡಿದದ್ದು ಅವಳಿಗಾಗಿಯೇ ಎಂದು ಅವಳಿಗೂ ಗೊತ್ತಿತ್ತು. ಹೆಂಡತಿಯನ್ನು ತನ್ನ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಶಾಲೆಯ ಗೇಟಿನಲ್ಲಿ ಇಳಿಸಬೇಕೆಂಬ ಆಸೆಗೆ ಅವಳು ಹೇಗೆ ಇಲ್ಲವೆನ್ನಬೇಕು? ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಅವಳು ಸೀರೆಯನ್ನು ಮಡಿಸಿಟ್ಟಳು. ಆಮೇಲೆ ಬಾಗಿಲಿಗೆ ಹೋಗಿ ಕೂಗಿ ಹೇಳಿದಳು:

"ಹಂಗಂದ್ರ ನಾಲ್ಕಕ್ಕ ಎದ್ದು ರೊಟ್ಟಿ ಕಟ್ತೀನಿ. ಐದಕ್ಕ ಬಿಡಮು."

ಬೆಳಿಗ್ಗೆ ಐದಕ್ಕೆ ಹೊರಟೆವು. ಸಂದರ್ಶನ ಹನ್ನೊಂದಕ್ಕೆ. ಅವ್ವ ಮುಂದೆ ಕುಳಿತು ತೊಡೆಯ ಮೇಲೆ ಪ್ರಮಾಣಪತ್ರಗಳ ಫೈಲು ಇಟ್ಟುಕೊಂಡಿದ್ದಳು. ನಾನು ಹಿಂದೆ, ನೀರು ತುಂಬಿದ ಎರಡು ಡಬ್ಬಿಗಳ ಜೊತೆ, ಸೀರೆಯ ತುಂಡುಗಳ ಜೊತೆ. ಗಂಗಾಪುರದ ಫಾಟಾ ದಾಟಿ ಸ್ವಲ್ಪ ದೂರಕ್ಕೆ ಗಾಡಿ ಬಿಕ್ಕಿತು. ಒದ್ದೆ ಬಟ್ಟೆ, ಹತ್ತು ನಿಮಿಷ, ಹೊರಟಿತು. ವೈಜಾಪುರದ ಹತ್ತಿರ ಮತ್ತೆ. ಯೇವಲಾ ಮುಟ್ಟುವುದರೊಳಗೆ ಮತ್ತೆರಡು ಸಲ. ಪ್ರತಿ ಸಲವೂ ಕಾಯುವ ಹೊತ್ತು ಹೆಚ್ಚಾಗುತ್ತಿತ್ತು. ಯೇವಲಾದ ಆಚೆ ಗಾಡಿ ನಿಂತಾಗ ಹಿಂದಿನಿಂದ ನಾಸಿಕದ ಬಸ್ಸು ಬಂತು. ಅವ್ವ ಫೈಲು ಹಿಡಿದು ಇಳಿದು ರಸ್ತೆಗೆ ಕೈ ಚಾಚಿದಳು. ಅದೇ ಗಳಿಗೆಯಲ್ಲಿ ಎಂಜಿನ್ನು ಚಾಲೂ ಆಯಿತು.

"ಆತು, ಆತು! ಬಾ, ಕೂಡು!"

ಬಸ್ಸು ವೇಗ ತಗ್ಗಿಸಿತ್ತು. ಅವ್ವ ಬಸ್ಸು ನೋಡಿದಳು, ಅಪ್ಪನ ಮುಖ ನೋಡಿದಳು, ಕೈ ಕೆಳಗಿಳಿಸಿದಳು. ಬಸ್ಸು ಹೋಯಿತು. ನನ್ನ ಬಾಲ್ಯದಲ್ಲಿ ಒಂದೇ ಒಂದು ಗಳಿಗೆಯನ್ನು ಹಿಂದಕ್ಕೆ ತಿರುಗಿಸಲು ಬಿಟ್ಟರೆ ನಾನು ಇದನ್ನೇ ಕೇಳುತ್ತೇನೆ.

ನಿಫಾಡ್‌ಗೆ ಎರಡು ಮೈಲಿ ಇರುವಾಗ ಗಾಡಿ ಪೂರ್ತಿ ಕೈಕೊಟ್ಟಿತು. ಎರಡೂ ಕಡೆ ದ್ರಾಕ್ಷಿ ತೋಟ, ಒಳಗೆ ಬಾಗಿ ಕೆಲಸ ಮಾಡುವ ಹೆಂಗಸರು. ಹತ್ತು ಗಂಟೆ ಆಗಿತ್ತು. ನೀರಿನ ಡಬ್ಬಿ ಖಾಲಿ. ಅಪ್ಪ ಸ್ಟಾರ್ಟರ್ ಒತ್ತಿ ಒತ್ತಿ ಬ್ಯಾಟರಿಯ ದನಿಯೂ ಸಣ್ಣದಾಯಿತು. ಅವ್ವ ಬಿಸಿಲಿನಲ್ಲಿ ರಸ್ತೆಯ ಅಂಚಿಗೆ ನಿಂತು ಬಂದ ಬಸ್ಸಿಗೆಲ್ಲ ಕೈ ತೋರಿಸಿದಳು. ನಿಲ್ದಾಣವಲ್ಲದ ಜಾಗ, ತುಂಬಿದ ಬಸ್ಸು, ಒಂದೂ ನಿಲ್ಲಲಿಲ್ಲ. ಅವಳ ಕುತ್ತಿಗೆಯ ಮೇಲೆ ಬೆವರು ಇಳಿದು, ಇಸ್ತ್ರಿ ಮಾಡಿದ ರವಿಕೆ ಅಂಟಿತ್ತು. ಅಪ್ಪ ಅವಳ ಕಡೆ ನೋಡುತ್ತಿರಲಿಲ್ಲ. ಬಾನೆಟ್ಟಿನ ಮರೆಯಲ್ಲಿ ಸುಮ್ಮನೆ ನಿಂತಿದ್ದ, ಕೈಯಲ್ಲಿ ಸ್ಪ್ಯಾನರ್, ಏನು ಬಿಚ್ಚಬೇಕೆಂದು ತಿಳಿಯದೆ. ನಾನು ಅವನನ್ನು ಅಷ್ಟು ಸಣ್ಣವನಾಗಿ ಎಂದೂ ನೋಡಿರಲಿಲ್ಲ. ಅಳು ಬಂತು, ಆದರೆ ಯಾರಿಗಾಗಿ ಅಳಬೇಕು ಎಂದು ತಿಳಿಯಲಿಲ್ಲ.

ಕಡೆಗೆ ಒಂದು ಟ್ರ್ಯಾಕ್ಟರಿನವನು ಹಗ್ಗ ಕಟ್ಟಿ ನಮ್ಮನ್ನು ನಿಫಾಡ್‌ನ ಒಂದು ಗ್ಯಾರೇಜಿನ ಮುಂದೆ ತಂದುಬಿಟ್ಟ. ತಗಡಿನ ಮಾಡು, ಬೇವಿನ ಮರ, ಬಿಳಿ ಗಡ್ಡದ ಒಬ್ಬನೇ ಮಿಸ್ತ್ರಿ. ಬೇಗ ಆಗಬೇಕು ಎಂದು ಅಪ್ಪ ಹರಕು ಮರಾಠಿಯಲ್ಲಿ ಎಲ್ಲ ಹೇಳತೊಡಗಿದ, ಪ್ಲಗ್ಗು, ಪಾಯಿಂಟು, ಪಂಪು. ಮಿಸ್ತ್ರಿ ಪೂರ್ತಿ ಕೇಳಲಿಲ್ಲ. ಗಾಡಿ ಕೆಡುವ ಮುಂಚೆ ಕೊನೆಗೆ ಬಿಚ್ಚಿದ್ದು ಏನು ಎಂದಷ್ಟೇ ಕೇಳಿದ. ಅಪ್ಪ ಎಂಜಿನ್ನಿನ ಕಡೆ ಬೆರಳು ತೋರಿಸಿದ.

"ಕಾರ್ಬುರೇಟರ್. ಪಣ್ ತೇ ಮೀ ಸ್ವತಃ ಸಾಫ್ ಕೇಲಂಯ್."

ಅದನ್ನು ನಾನೇ ಸ್ವತಃ ಸ್ವಚ್ಛ ಮಾಡಿದ್ದೇನೆ ಎಂದು ಅಲ್ಲಿಯೂ ಹೇಳಿದ. ಮಿಸ್ತ್ರಿ ನಕ್ಕು ನೇರ ಅಲ್ಲಿಗೇ ಕೈ ಹಾಕಿದ. ನಾಲ್ಕು ಸ್ಕ್ರೂ ತೆಗೆದು, ಮುಚ್ಚಳ ಎತ್ತಿ, ಬಟ್ಟಲಿನ ಪೆಟ್ರೋಲನ್ನು ಒಂದು ಸ್ಟೀಲ್ ತಟ್ಟೆಗೆ ಬಗ್ಗಿಸಿದ. ಟಿಣ್ ಎಂದು ಏನೋ ಬಿತ್ತು. ಪೆಟ್ರೋಲಿನ ಕೆಳಗೆ ಉರುಳುತ್ತ ಹೋಗಿ ಅಂಚಿಗೆ ತಾಗಿ ನಿಂತಿತು. ಅವನು ಎರಡು ಬೆರಳಿನಲ್ಲಿ ಎತ್ತಿ ಬಿಸಿಲಿಗೆ ಹಿಡಿದ.

"ಜ್ವಾರೀ!"

ಒಂದು ಕಾಳು ಜೋಳ. ಗಾಡಿಗೆ ಜೋಳದ ಭಾಕರಿ ತಿನ್ನಿಸಿದಿರಾ ಸಾಹೇಬರೇ ಎಂದು ನಗುತ್ತ ಅವನು ರೋಗ ವಿವರಿಸಿದ. ಮೆಲ್ಲಗೆ ಹೋದರೆ ಕಾಳು ಬಟ್ಟಲಿನ ತಳದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಜೋರಾಗಿ ಹೋದರೆ ಎಂಜಿನ್ನು ಜೋರಾಗಿ ಹೀರುತ್ತದೆ, ಕಾಳು ಉರುಳಿ ಬಂದು ತೂತಿನ ಮೇಲೆ ಕೂತುಬಿಡುತ್ತದೆ. ಗಾಡಿ ನಿಂತ ಮೇಲೆ ಮತ್ತೆ ಸಡಿಲಾಗಿ ಆಚೆ ಸರಿಯುತ್ತದೆ. ಅಪ್ಪ ಕೇಳುತ್ತ ನಿಂತಿದ್ದ, ಬಾಯಿ ಅರ್ಧ ತೆರೆದಿತ್ತು. ಮಿಸ್ತ್ರಿ ಕಾಳನ್ನು ಅವ್ವನ ಅಂಗೈಗೆ ಹಾಕಿದ.

ನಾನು ಅವ್ವನ ಮೊಣಕೈಯ ಪಕ್ಕದಲ್ಲಿದ್ದೆ. ಕಾಳಿನ ಮೈ ಕಪ್ಪಾಗಿತ್ತು, ಆದರೆ ಮೊಳಕೆ ಬರುವ ಕಡೆಯ ಸಣ್ಣ ಗುಳಿಯಲ್ಲಿ ಹಳದಿ ಹಾಗೆಯೇ ಉಳಿದಿತ್ತು. ಅರಿಶಿಣ. ಎಲ್ಲವೂ ಒಮ್ಮೆಗೇ ತಿಳಿಯಿತು. ಅವ್ವ ಕಾಳು ನೋಡಿದಳು. ತಲೆ ತಿರುಗಿಸಿ ನನ್ನನ್ನು ನೋಡಿದಳು. ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡೆ, ಐದು ವಾರದ ಹಿಂದಿನ ಬಣ್ಣ ಇನ್ನೂ ಇದೆಯೋ ಎಂಬಂತೆ. ಅಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ಬಗ್ಗುವುದರೊಳಗೆ ಅವಳು ಮುಷ್ಟಿ ಮುಚ್ಚಿದಳು.

"ನಾ ಅಂಗಳದಾಗ ಜ್ವಾಳ ಹಸನ ಮಾಡಿದ್ನಲ್ರಿ ಹಬ್ಬದ ಮುಂದ. ಕೇರೂ ಮೊರದಿಂದ ಸಿಡದು ಬಿದ್ದಿರಬೇಕು."

"ಗಾಡಿ ಬಿಚ್ಚಿದ್ದು ಕಾಣಸ್ತಿದ್ದಿಲ್ಲೇನ್ ನಿನಗ?"

"ಲಕ್ಷ್ಯ ಹೋಗ್ಲಿಲ್ಲ. ನಂದೇ ತಪ್ಪು. ನಡೀರಿ ಈಗ."

ಮೂರು ವಾರದ ಭಾರ ಅಪ್ಪನ ಹೆಗಲಿನಿಂದ ಇಳಿದದ್ದು ನನಗೆ ಕಂಡಿತು. ಅವನ ಕೆಲಸದಲ್ಲಿ ತಪ್ಪಿರಲಿಲ್ಲ. ಹೆಂಡತಿಯ ಜೋಳದಲ್ಲಿತ್ತು. ನಾನು ಮಾಡಿದ್ದೆಂದು ಹೇಳಲು ಬಾಯಿ ತೆರೆದೆ, ಹೇಳದೆ ಗಾಡಿ ಹತ್ತಿ ಕುಳಿತೆ. ಅವ್ವನ ಕಣ್ಣು ನನ್ನ ಬಾಯಿಗೆ ಬೀಗ ಹಾಕಿತ್ತೋ, ನನ್ನ ಹೆದರಿಕೆಯೇ ಹಾಕಿತ್ತೋ, ಇಂದಿಗೂ ಬಗೆಹರಿದಿಲ್ಲ. ಹೆದರಿಕೆಯೇ ಇರಬೇಕು.

ಅಲ್ಲಿಂದ ನಾಸಿಕದವರೆಗೆ ಗಾಡಿ ಎಷ್ಟು ಚೆನ್ನಾಗಿ ಓಡಿತೆಂದರೆ ಅಂಥ ಹಿತವಾದ ಸದ್ದು ಅದು ಎಂದೂ ಮಾಡಿರಲಿಲ್ಲ. ಏರಿನಲ್ಲಿಯೂ ಬಿಕ್ಕಲಿಲ್ಲ. ಅಪ್ಪನಿಗೆ ತಡೆದುಕೊಳ್ಳಲಾಗಲಿಲ್ಲ, ಅವನ ಬೆರಳುಗಳು ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿದ್ದವು. ಅವ್ವ ಅದನ್ನು ನೋಡಿ ಕಿಟಕಿಯ ಕಡೆ ತಿರುಗಿದಳು. ಶಾಲೆ ಮುಟ್ಟಿದಾಗ ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ಜವಾನ ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಏರಿಸುತ್ತಿದ್ದ. ಬಂದವರೆಲ್ಲ ಹೋದರು, ಪಟ್ಟಿ ಮುಗಿಯಿತು ಎಂದ. ಅವ್ವ ಮುಖ್ಯಾಧ್ಯಾಪಕರ ಕೋಣೆಗೆ ಹೋಗಿ ಎರಡೇ ನಿಮಿಷದಲ್ಲಿ ಹೊರಗೆ ಬಂದಳು. ಶಾಲೆಯ ಮುಂದಿನ ಮರದ ಕೆಳಗೆ ಗಾಡಿಯಲ್ಲಿ ಕುಳಿತು, ಕಟ್ಟಿ ತಂದ ರೊಟ್ಟಿಯನ್ನು ಬಿಚ್ಚಿ, ಎಂದಿನಂತೆ ಎರಡಾಗಿ, ನಾಲ್ಕಾಗಿ ಮುರಿದು ನಮಗೆ ಕೊಟ್ಟಳು. ಭಿನ್ನರಾಶಿ ಹೇಳಲಿಲ್ಲ.

ಅಪ್ಪ ಕೆಟ್ಟವನಲ್ಲ. ಆದರೆ ಆ ಕಥೆ ಅವನಿಗೆ ಬಹಳ ಇಷ್ಟವಾಗಿಬಿಟ್ಟಿತು. ಮನೆಗೆ ಯಾರೇ ಬರಲಿ, ಚಹಾ ಮುಗಿಯುವುದರೊಳಗೆ ಶುರುವಾಗುತ್ತಿತ್ತು.

"ನಮ್ಮಾಕಿ ಏನ್ ಮಾಡ್ಯಾಳ ಕೇಳ್ರಿ! ಜ್ವಾಳ ಹಸನ ಮಾಡ್ಲಾಕ್ ಹೋಗಿ ತನ್ನ ನೌಕರಿ ತಾನೇ ಹಸನ ಮಾಡ್ಕೊಂಡಾಳ!"

ಬಂದವರು ನಗುತ್ತಿದ್ದರು. ಅವ್ವ ಕಪ್ಪು ಬಸಿ ಎತ್ತಿಕೊಂಡು ತಾನೂ ತುಸು ನಕ್ಕು ಒಳಗೆ ಹೋಗುತ್ತಿದ್ದಳು. ನಾನು ಪುಸ್ತಕದೊಳಗೆ ಮುಖ ಹುದುಗಿಸುತ್ತಿದ್ದೆ. ಪ್ರತಿ ಸಲ ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ, ಪ್ರತಿ ಸಲ ನಗು ಮುಗಿದುಹೋಗುತ್ತಿತ್ತು.

ಜೂನಿನಲ್ಲಿ ನಾವು ನಾಸಿಕಕ್ಕೆ ಬಂದೆವು. ಮನೆಗೆ ಹತ್ತಿರವೆಂದು ನನ್ನನ್ನು ಅದೇ ಶಾಲೆಗೆ ಸೇರಿಸಿದರು. ಗಣಿತಕ್ಕೆ ಹೊಸ ಶಿಕ್ಷಕಿ ಬಂದಿದ್ದರು, ಎಳೆಯ ವಯಸ್ಸು, ಒಳ್ಳೆಯವರು. ಹಲಗೆಯ ಮೇಲೆ ಚಾಕಿನಿಂದ ವೃತ್ತ ಬರೆದು ಎಂಟು ಪಾಲು ಮಾಡುತ್ತಿದ್ದರು. ಹುಡುಗಿಯರಿಗೆ ಎಂಟನೆಯ ಒಂದು ದೊಡ್ಡದೋ ನಾಲ್ಕನೆಯ ಒಂದು ದೊಡ್ಡದೋ ತಿಳಿಯುತ್ತಿರಲಿಲ್ಲ. ನನಗೆ ತಿಳಿಯುತ್ತಿತ್ತು, ನಾನು ಕೈ ಎತ್ತುತ್ತಿರಲಿಲ್ಲ. ಅವ್ವ ದಿನವೂ ನನ್ನನ್ನು ಬಿಡಲು ನಡೆದು ಬರುತ್ತಿದ್ದಳು. ಗಂಟೆ ಬಾರಿಸುವವರೆಗೂ ಗೇಟಿನಲ್ಲಿ ನಿಲ್ಲುತ್ತಿದ್ದಳು. ಅಪ್ಪ ಹೊಸ ಊರಿನ ಹೊಸ ಗೆಳೆಯರಿಗೆ ಆ ಕಥೆ ಹೇಳಿ ನಗಿಸಿದ ಮರುದಿನ ಬೆಳಿಗ್ಗೆ ನಾನು ಗೇಟಿನಲ್ಲಿ ಅವಳ ಸೆರಗು ಹಿಡಿದುಕೊಂಡೆ.

"ಅವ್ವಾ, ಆ ಕಾಳು ಮೊರದಿಂದ ಬಿದ್ದಿದ್ದಲ್ಲ."

ಅವಳು ಬಗ್ಗಿ ನನ್ನ ಜಡೆಯ ರಿಬ್ಬನ್ ಬಿಗಿ ಮಾಡಿದಳು.

"ಗೊತ್ತದ. ಹಳದಿ ಇತ್ತು."

"ಮತ್ತ ಅಪ್ಪಗ ಯಾಕ ಹೇಳ್ಲಿಲ್ಲ?"

ಒಳಗೆ ಗಂಟೆ ಬಡಿಯಿತು.

"ಮೊದಲನೇ ತಾಸು ಗಣಿತ ಅಲಾ? ನಡಿ, ತಡ ಮಾಡಬ್ಯಾಡ."

ನನ್ನ ಬೆನ್ನಿಗೆ ಕೈಯಿಟ್ಟು ಮೆತ್ತಗೆ ತಳ್ಳಿದಳು. ನಾನು ಒಳಗೆ ಹೋದೆ. ಅವಳು ಗೇಟಿನ ಹೊರಗೆ ನಿಂತಳು.